ಮಗಳಿಗೊಂದು ಪತ್ರ: ಕರಡಿ ಇರುವ ಗುಡ್ಡಕ್ಕೆ ಬುತ್ತಿ

ಪ್ರೀತಿಯ ಪುಟ್ಟಿ,

ಮುಂದಿನ ಭಾನುವಾರ ಫ್ರೆಂಡ್ಸ್ ಜೊತೆ ನಮ್ಮ ಅರಸೀಕೆರೆ ಕಡೆಯ ಗುಡ್ಡ ಹತ್ತುತ್ತೀಯಂತೆ. ಸಂತೋಷ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹತ್ತಿ. ಆದರೆ ಮೇಲೆ ಹೋಗಿ ಸ್ಟೌ ಹಚ್ಚಿ ಮ್ಯಾಗಿ, ಆಮ್ಲೆಟ್ ಮಾಡುತ್ತೇವೆ ಅಂದೆಯಲ್ಲ, ಅದು ಬೇಡ ಕಣೇ. ಒಣಹುಲ್ಲಿಗೆ ಕಿಡಿ ತಾಗಿದರೆ ಗುಡ್ಡವೇ ಹೋಯಿತು. ಜೊತೆಗೆ ಅದು ಕರಡಿ ಇರುವ ಜಾಗ.

ಕರಡಿಗೆ ಕಣ್ಣು ಅಷ್ಟಕ್ಕಷ್ಟೇ, ಕಿವಿಯೂ ಚುರುಕಲ್ಲ. ಮೂಗು ಮಾತ್ರ ಭಾರೀ ಜೋರು. ಹುತ್ತದೊಳಗಿನ ಗೆದ್ದಲನ್ನು ವಾಸನೆಯಲ್ಲೇ ಹಿಡಿದು, ಬಗೆದು, ಹೀರಿ ತಿನ್ನುತ್ತದೆ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಇಲ್ಲದಿರುವುದೇ ಅದಕ್ಕೆ ಅನುಕೂಲ. ಆ ಹೀರುವ ಸದ್ದು 100 ಮೀಟರ್ ಆಚೆಗೂ ಕೇಳುತ್ತದೆ! ಅಂಥ ಮೂಗಿಗೆ ನಿಮ್ಮ ಈರುಳ್ಳಿ ಒಗ್ಗರಣೆ ಯಾವ ಲೆಕ್ಕ?

ಶನಿವಾರ ರಾತ್ರಿಯೇ ಎಲ್ಲರೂ ಮನೆಗೆ ಬಂದುಬಿಡಿ. ಬೆಳಗ್ಗೆ ಅಕ್ಕಿ ರೊಟ್ಟಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಡುತ್ತೇನೆ. ಕಾಯಿಚಟ್ನಿ ಕೇಳಬೇಡ, ಬಿಸಿಲಿಗೆ ಬೇಗ ಹಳಸುತ್ತದೆ. ಪುಳಿಯೋಗರೆಯನ್ನೂ ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಡಬ್ಬಿಗೆ ಹಾಕಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಬೆವರಿ ಕೆಡುತ್ತದೆ. ಹಲಸಿನ ತೊಳೆ, ಬೆಲ್ಲದ ತಿಂಡಿ ಬೇಕಾದರೆ ಇಲ್ಲೇ ತಿಂದು ಹೋಗಿ. ಅವು ಕರಡಿಗೂ ಇಷ್ಟ.

ಊಟಕ್ಕೆ ಸುತ್ತಲೂ ಕಾಣುವ ಬಯಲು ಬಂಡೆ ನೋಡಿ ಕೂರಿ. ಗುಹೆ, ಬಂಡೆ ಸಂದು, ಪೊದೆ ಪಕ್ಕ ಬೇಡ. ಹಗಲು ಅದು ಮಲಗುವುದೇ ಅಲ್ಲಿ. ಹೊಸದಾಗಿ ಕೆದರಿದ ಹುತ್ತ ಕಂಡರೂ ಅಲ್ಲಿ ಬುತ್ತಿ ಬಿಚ್ಚಬೇಡಿ. ಜೋರಾಗಿ ಮಾತಾಡುತ್ತಾ ನಡೆಯಿರಿ. ದಿಢೀರನೆ ಎದುರಾದರೆ ಗಾಬರಿಯಲ್ಲಿ ಮೇಲೆ ಬೀಳುತ್ತದೆ, ಬೆನ್ನ ಮೇಲೆ ಮರಿ ಇದ್ದರಂತೂ ಕೇಳಲೇಬೇಡ. ದೂರದಲ್ಲಿ ಕಂಡರೆ ಓಡದೆ, ಗುಂಪಾಗಿ ನಿಧಾನಕ್ಕೆ ಹಿಂದೆ ಸರಿಯಿರಿ. ಫೋಟೋ ಆಸೆ ಬಿಡಿ. ರೊಟ್ಟಿ ಎಸೆದು ಸಮಾಧಾನ ಮಾಡುವ ಬುದ್ಧಿವಂತಿಕೆಯೂ ಬೇಡ.

ಮಿಕ್ಕಿದ್ದನ್ನು 'ಪ್ರಾಣಿ ತಿನ್ನಲಿ ಬಿಡು' ಅಂತ ಚೆಲ್ಲಿ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀವೇನೋ ಭಾನುವಾರ ಬಂದು ಹೋಗುತ್ತೀರಿ. ಸೋಮವಾರ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರಿದ್ದಾರೆ ಅಲ್ವಾ? ಬಂಡೆ ಮೇಲೆ ತಿಂಡಿ ಸಿಗುತ್ತದೆ ಅಂತ ಕರಡಿ ರೂಢಿ ಮಾಡಿಕೊಂಡರೆ ಅನುಭವಿಸುವವರು ಅವರು. ಎಲೆ, ಸಿಪ್ಪೆ, ಕೈ ಒರೆಸಿದ ಕಾಗದ, ಎಲ್ಲ ವಾಪಸ್ ಬರಬೇಕು. ಅದಕ್ಕೆಂದೇ ಗಟ್ಟಿ ಮುಚ್ಚಳದ ಖಾಲಿ ಡಬ್ಬಿ ಕೊಡುತ್ತೇನೆ.

ಸಂಜೆಗೆ ಕರಡಿ ಹೊರಡುತ್ತದೆ, ನೀವು ನಾಲ್ಕಕ್ಕೆಲ್ಲ ಕೆಳಗಿರಬೇಕು. ಎಷ್ಟು ಜನ ಅಂತ ಶುಕ್ರವಾರವೇ ಹೇಳು, ಅಕ್ಕಿ ಹಿಟ್ಟು ಬೀಸಿಸಬೇಕು.

ಇಂತಿ ನಿನ್ನ,
ಅಮ್ಮ