ಮಗನ ಕೈಗೆ ಫೋನ್ ಕೊಡುವ ಮುಂಚೆ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನಿಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ಮೊನ್ನೆ ನೀನು ಕೇಳಿದ್ದು ತಲೆಯಲ್ಲೇ ಕೂತಿದೆ. ಮಗನಿಗೆ 11 ತುಂಬಿತು, ಭಾವನವರ ಹಳೇ ಫೋನನ್ನು ಅವನಿಗೆ ಕೊಡಲೋ ಬೇಡವೋ ಅಂದೆಯಲ್ಲ. ಅವತ್ತು ಅವಸರದಲ್ಲಿ ಏನೋ ಹೇಳಿಬಿಟ್ಟೆ. ಅದಕ್ಕೇ ಈ ಕಾಗದ.

ಕೊಡು, ಆದರೆ ಇದ್ದ ಹಾಗೇ ಕೊಡಬೇಡ. ಅದರಲ್ಲಿ ಭಾವನವರ ಖಾತೆ ಇದೆ, ಬ್ಯಾಂಕಿನ ಆಪ್ ಇದೆ. ಅದರಲ್ಲಿ ಯೂಟ್ಯೂಬ್ ತೆರೆದರೆ ದೊಡ್ಡವರಿಗೆ ತೋರಿಸೋದನ್ನೇ ಅವನಿಗೂ ತೋರಿಸುತ್ತದೆ. ಮೊದಲು ಫೋನ್ ಪೂರ್ತಿ ಅಳಿಸಿ, ಮಗನ ನಿಜವಾದ ವಯಸ್ಸು ಹಾಕಿ ಅವನದೇ ಖಾತೆ ಮಾಡು. ಮಕ್ಕಳ ಫೋನನ್ನು ಹೆತ್ತವರು ನೋಡಿಕೊಳ್ಳೋಕೆ ಅಂತಲೇ ಗೂಗಲ್‌ನ ಫ್ಯಾಮಿಲಿ ಲಿಂಕ್ ಆಪ್ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅವನು ಹೊಸ ಆಪ್ ಹಾಕಿಕೊಳ್ಳೋಕೆ ಹೋದರೆ ನಿನ್ನ ಒಪ್ಪಿಗೆ ಕೇಳುತ್ತದೆ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಲಾಕ್ ಅನ್ನೋದನ್ನೂ ನೀನೇ ಇಡಬಹುದು. ಐಫೋನ್ ಆದರೆ ಇದಕ್ಕೆ ಸ್ಕ್ರೀನ್ ಟೈಮ್ ಅಂತ ಇದೆ.

ಮೊದಮೊದಲು ಕರೆ, ಕ್ಯಾಮೆರಾ, ಓದಿಗೆ ಬೇಕಾದ ಒಂದೆರಡು ಆಪ್ ಸಾಕು. ಇನ್‌ಸ್ಟಾಗ್ರಾಂ ಈಗ ಬೇಡವೇ ಬೇಡ. ಖಾತೆ ತೆರೆಯೋಕೆ 13 ಆಗಿರಬೇಕು ಅಂತ ಅವರ ನಿಯಮದಲ್ಲೇ ಇದೆ. ಆಸ್ಟ್ರೇಲಿಯಾದಲ್ಲಂತೂ 2025ರ ಡಿಸೆಂಬರ್‌ನಿಂದ 16 ಆಗುವವರೆಗೂ ಇಂಥವುಗಳಲ್ಲಿ ಖಾತೆ ಇಲ್ಲ ಅಂತ ಕಾನೂನೇ ಬಂದಿದೆ. ‘ಎಲ್ಲರ ಹತ್ರಾನೂ ಇದೆ’ ಅಂತ ಅಳಬಹುದು. ನನ್ನ ಮಗಳೂ ಅತ್ತಳು. ಪಾಪ ಅನ್ನಿಸಿದರೂ ಹುಟ್ಟಿದ ವರ್ಷ ತಿದ್ದಿ ಖಾತೆ ಮಾಡಿಕೊಡಬೇಡ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಮನೆಯಲ್ಲಿ ಒಂದು ನಡೆಯಿತು. ಒಂದು ಸಂಜೆ ಮಗಳು ಫೋನನ್ನು ಎದೆಗೆ ಒತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಮಾತಿಲ್ಲ. ಆಟವೊಂದರ ಚಾಟ್‌ನಲ್ಲಿ ಯಾರೋ ‘ಯಾವ ಸ್ಕೂಲು? ಫೋಟೋ ಕಳಿಸು’ ಅಂತ ಕೇಳಿದ್ದರು. ಅದು ಬಂದು ಆಗಲೇ ಎರಡು ದಿನ. ಯಾಕೆ ಹೇಳಲಿಲ್ಲ ಅಂದರೆ, ‘ನೀನು ಫೋನ್ ಕಿತ್ಕೊಳ್ತೀಯ ಅಂತ’ ಅಂದಳು.

ಅಕ್ಕಾ, ಕರುಳು ಚುರುಕ್ ಅಂದಿತು. ಮಾತೆತ್ತಿದರೆ ಫೋನ್ ಕಿತ್ಕೊಳ್ತೀನಿ ಅಂತಿದ್ದವಳು ನಾನೇ ಅಲ್ವಾ? ಇಬ್ಬರೂ ಕೂತು ಸ್ಕ್ರೀನ್‌ಶಾಟ್ ತೆಗೆದೆವು, ರಿಪೋರ್ಟ್ ಮಾಡಿದೆವು, ಬ್ಲಾಕ್ ಮಾಡಿದೆವು, ಆಟದ ಚಾಟ್ ಬಂದ್ ಮಾಡಿದೆವು. ಆಮೇಲೆ ಫೋನನ್ನು ಅವಳ ಕೈಗೇ ವಾಪಸ್ ಕೊಟ್ಟೆ. ಈಗ ಏನೇ ಬಂದರೂ ಅವತ್ತೇ ತಂದು ತೋರಿಸುತ್ತಾಳೆ. ಬೇರೇನು ಮರೆತರೂ ಇದೊಂದನ್ನು ಮಗನಿಗೆ ಮೊದಲ ದಿನವೇ ಹೇಳು: ಏನೇ ತೋರಿಸಿದರೂ ಬೈಯಲ್ಲ, ಫೋನ್ ಕಿತ್ಕೊಳ್ಳಲ್ಲ ಅಂತ.

ರಾತ್ರಿ ಎಲ್ಲರ ಫೋನೂ ಹಾಲ್‌ನಲ್ಲೇ ಚಾರ್ಜಿಗೆ ಇರಲಿ. ನಿಮ್ಮಿಬ್ಬರದೂ ಸೇರಿ.

ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ. ನಿನ್ನದು, ಮಗನಿಗೆ ಕೊಡೋದು ಎರಡೂ ಫೋನ್ ಚಾರ್ಜ್ ಮಾಡಿಟ್ಟಿರು, ಒಂದೊಂದೇ ಸೆಟ್ಟಿಂಗ್ ಹೇಳಿಕೊಡುತ್ತೇನೆ. ಮಗನನ್ನೂ ಪಕ್ಕದಲ್ಲೇ ಕೂರಿಸಿಕೋ. ಅವನಿಗೆ ಗೊತ್ತಿಲ್ಲದ ಹಾಗೆ ಏನೂ ಮಾಡೋದು ಬೇಡ.

ನಿನ್ನ ಪ್ರೀತಿಯ
ತಂಗಿ