ಹರಿಹರದ ಕೆಲಸಕ್ಕೆ ಸೇರುವ ಮುಂಚೆ

ಶಾರ್ಜಾ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಹರಿಹರದಲ್ಲಿ ನಿನಗೆ ಹೊಸ ಕೆಲಸ, ಅಪ್ಪಾಜಿಗೆ ನಿವೃತ್ತಿ, ಮನೆಯಲ್ಲಿ ಎಳೇ ಕೂಸು, ಮೂರೂ ಒಂದೇ ತಿಂಗಳಲ್ಲಿ ಬಂದಿವೆ. ಎಲ್ಲಾನೂ ಒಟ್ಟಿಗೆ ತಲೆಗೆ ಹಚ್ಚಿಕೊಳ್ಳಬೇಡಪ್ಪ. ಮೊದಲು ಹಳೇ ಕೆಲಸದ ಕಾಗದಪತ್ರ ನೋಡು, ಆಮೇಲೆ ನಿದ್ದೆ. ಮನೆಗೆ ಬಣ್ಣ ಹೊಡೆಸೋದು, ಹೊಸ ಬೈಕು ಎಲ್ಲಾ ಮುಂದಿನ ಯುಗಾದಿಗೆ ಇರಲಿ.

ಪಿಎಫ್ ದುಡ್ಡು ಬಿಡಿಸಬೇಡ, ಹೊಸ ಖಾತೆಗೆ ವರ್ಗ ಮಾಡಿಸು. ಪಿಂಚಣಿಗೆ 10 ವರ್ಷದ ಸರ್ವೀಸು ಬೇಕು. ಪಿಎಫ್ ಜೊತೆಗಿರುವ ಪಿಂಚಣಿ ಪಾಲನ್ನೂ ಬಿಡಿಸಿಕೊಂಡರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಅರ್ಜಿ ವಾಪಸ್ ಬರೋದು ಹೆಚ್ಚಾಗಿ ನಮ್ಮ ಕಡೆಯ ಇನಿಶಿಯಲ್‌ನಿಂದ. ಆಧಾರ್‌ನಲ್ಲಿ ಊರು, ತಂದೆ ಹೆಸರು ಬಿಡಿಸಿ ಬರೆದಿರುತ್ತಾರೆ, ಪಿಎಫ್‌ನಲ್ಲಿ ಬರೀ ಎರಡಕ್ಷರ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡು. ತಿದ್ದಿಸೋದಿದ್ದರೆ ಹಳೇ ಆಫೀಸಿನ ನಂಟು ಇರುವಾಗಲೇ ತಿದ್ದಿಸು. ಕೆಲಸ ಬಿಟ್ಟ ತಾರೀಖನ್ನು ಅವರೇ ಹಾಕಬೇಕು. ಹಾಕದಿದ್ದರೆ, ಕೊನೇ ಕಂತು ಜಮಾ ಆಗಿ 2 ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ನೀನೇ ಹಾಕಬಹುದು.

ಗ್ರಾಚ್ಯುಟಿಯನ್ನು, ಅಂದರೆ ಇಷ್ಟು ವರ್ಷ ದುಡಿದಿದ್ದಕ್ಕೆ ಕೆಲಸ ಬಿಡುವಾಗ ಕಂಪನಿ ಕೊಡುವ ದುಡ್ಡನ್ನು, ಬರೆದುಕೊಟ್ಟು ಕೇಳು, ಅದು ನಿನ್ನ ಹಕ್ಕು. ತಿಂಗಳ ಬೇಸಿಕ್ಕು, ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸು, 15ರಿಂದ ಗುಣಿಸು, ಮತ್ತೆ ವರ್ಷದಿಂದ ಗುಣಿಸು. ನಿನ್ನದು 6 ವರ್ಷ 7 ತಿಂಗಳು. ಆರು ತಿಂಗಳು ದಾಟಿದ್ದರಿಂದ 7 ಅಂತಲೇ ಲೆಕ್ಕ. ನಿನ್ನ ಬೇಸಿಕ್ಕು, ಡಿಎ ಸೇರಿದ 20,800ಕ್ಕೆ 84,000 ರೂಪಾಯಿ ಬರಬೇಕು. ಕೊಡೋಕೆ ಅವರಿಗೆ 30 ದಿನದ ಗಡುವಿದೆ. ರಿಲೀವಿಂಗ್ ಲೆಟರು, ಸಂಬಳದಲ್ಲಿ ಹಿಡಿದ ತೆರಿಗೆಯ ಪತ್ರ ಮರೆಯಬೇಡ. ಕೂಸಿನ ಹೆಸರನ್ನು ಹೊಸ ಕಡೆಯ ವಿಮೆಗೆ ಮೊದಲ ವಾರವೇ ಸೇರಿಸು.

ನನಗೆ ನಿಜವಾದ ಚಿಂತೆ ರಾತ್ರಿ ಪಾಳಿಯದು. ರೊಟ್ಟಿ ಪಲ್ಯ ಹೊರಡುವ ಮುಂಚೆಯೇ ಉಂಡು ಹೋಗು. ನಡುರಾತ್ರಿ ಮಿರ್ಚಿ ಮಂಡಕ್ಕಿ ಬೇಡ, ಎದೆ ಉರಿಯುತ್ತದೆ. ರಾತ್ರಿ 1 ಗಂಟೆ ಮೇಲೆ ಟೀ ಕುಡಿಯಬೇಡ, ಅದರ ಗುಣ ಐದಾರು ಗಂಟೆ ಮೈಯಲ್ಲಿರುತ್ತದೆ, ಮನೆಗೆ ಬಂದರೂ ಕಣ್ಣು ಮುಚ್ಚೋದಿಲ್ಲ. ಪಾಳಿ ಮುಗಿಸಿ ಹೈವೇಯಲ್ಲಿ ಬೈಕ್ ಮಾತ್ರ ಬೇಡವೇ ಬೇಡ, ಬಸ್ಸಿಗೆ ಬಾ. ತೂಕಡಿಕೆ ಹೇಳಿ ಬರೋದಿಲ್ಲ.

ನೀನು ಹಿಂದಿನ ಕೋಣೆಯಲ್ಲಿ ಮಲಗು, ಕಿಟಕಿಗೆ ದಪ್ಪ ಪರದೆ ಹಾಕಿಸು. ಅಮ್ಮ ಮಿಕ್ಸಿ ಕೆಲಸವನ್ನು ಬೆಳಿಗ್ಗೆ 7ರೊಳಗೆ ಮುಗಿಸಲಿ. ಅಪ್ಪಾಜಿ ಮುಂಜಾನೆ ನಮ್ಮ ದಾವಣಗೆರೆಯ ಕುಂದುವಾಡ ಕೆರೆಗೆ ವಾಕಿಂಗ್ ಹೋಗಿ, ಬರುವಾಗ ಸಂತೆ, ಬ್ಯಾಂಕಿನ ಕೆಲಸ ಮುಗಿಸಿಕೊಂಡು ಬರಲಿ. ಕೆಲಸ ಹೇಳೋಕೆ ಸಂಕೋಚಪಡಬೇಡ; ಇಷ್ಟು ವರ್ಷ ಒಂಬತ್ತು ಗಂಟೆಗೆ ಮನೆ ಬಿಟ್ಟವರು, ಸುಮ್ಮನೆ ಕೂತರೇ ಅವರಿಗೆ ಬೇಜಾರು.

ಆಧಾರ್, ಪಿಎಫ್ ಪಾಸ್‌ಬುಕ್ ಎರಡರ ಫೋಟೊ ಕಳಿಸು, ಹೆಸರು ನಾನೂ ನೋಡುತ್ತೇನೆ. ನಿಮ್ಮ ರಾತ್ರಿ ಎಂಟೂವರೆಗೆ ಇಲ್ಲಿ ಏಳು ಗಂಟೆ, ಆಗ ಫೋನ್ ಮಾಡು.

ಅಪ್ಪಾಜಿ, ಅಮ್ಮನಿಗೆ ನಮಸ್ಕಾರ. ಕೂಸಿಗೆ ಮುತ್ತು.

ಇಂತಿ,
ನಿನ್ನ ಅಕ್ಕ