ಮಾತು ತಡವಾದರೆ ಮೊದಲು ಕಿವಿ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

‘ಕೆಲವು ಮಕ್ಕಳಿಗೆ ಮಾತು ನಿಧಾನ, ತಾನಾಗಿಯೇ ಬರುತ್ತದೆ’ ಎಂಬ ಸಮಾಧಾನವನ್ನು ನಂಬಿ ಎಷ್ಟೋ ಮನೆಗಳಲ್ಲಿ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತಿವೆ. ಚಪ್ಪಾಳೆಗೆ ಕೂಸು ತಿರುಗಿತೆಂದ ಮಾತ್ರಕ್ಕೆ ಕಿವಿ ಚೆನ್ನಾಗಿದೆ ಎನ್ನಲಾಗದು. ಕೈ ಆಡಿದ್ದನ್ನು ಕಂಡೇ ಅದು ತಿರುಗಿರಬಹುದು. ಚಪ್ಪಾಳೆ ಕೇಳಿಸಿದರೂ ‘ಸ’, ‘ಶ’ದಂಥ ಸೂಕ್ಷ್ಮ ಸದ್ದುಗಳು ಕೇಳಿಸದೇ ಇರಬಹುದು. ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, ಅನುಮಾನ ಬಂದರೆ 3 ತಿಂಗಳೊಳಗೆ ಪೂರ್ಣ ಪರೀಕ್ಷೆ, ದೋಷವಿದ್ದರೆ 6 ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಹುಟ್ಟಿದಾಗಿನ ತಪಾಸಣೆಯಲ್ಲಿ ಪಾಸಾದ ಮಗುವಿಗೂ ನೆಗಡಿಯ ನಂತರ ಕಿವಿತಮಟೆಯ ಹಿಂದೆ ನೀರು ನಿಂತು ವಾರಗಟ್ಟಲೆ ಕಿವಿ ಮಂದವಾಗಬಹುದು. ಎಷ್ಟೋ ಸಲ ನೋವೇ ಇರುವುದಿಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

12 ತಿಂಗಳಾದರೂ ‘ಬಬಬ’, ‘ದದದ’ ಎಂಬ ತೊದಲಿಲ್ಲ, ಬೇಕಾದದ್ದರತ್ತ ಬೆರಳು ತೋರಿಸುವುದಿಲ್ಲ. 18 ತಿಂಗಳಾದರೂ ಅರ್ಥವುಳ್ಳ ಪದವಿಲ್ಲ. 2 ವರ್ಷವಾದರೂ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸುವುದಿಲ್ಲ. ಇವುಗಳಲ್ಲಿ ಯಾವುದೇ ಒಂದು ಕಂಡರೂ ದಯವಿಟ್ಟು ಕಾಯಬೇಡಿ. ಕಲಿತ ಪದಗಳನ್ನು ಮಗು ಮರೆಯತೊಡಗಿದರಂತೂ, ವಯಸ್ಸು ಎಷ್ಟೇ ಇರಲಿ, ತಕ್ಷಣ ತಜ್ಞರಿಗೆ ತೋರಿಸಿ.

ಮನೆಯಲ್ಲಿ ಮಗು ನೋಡುತ್ತಿರುವ ವಸ್ತುವನ್ನೇ ಹೆಸರಿಸಿ, ಬಳಿಕ 5ರಿಂದ 10 ಸೆಕೆಂಡು ಸುಮ್ಮನಿರಿ. ಹೆಚ್ಚಿನವರು ಸೋಲುವುದು ಇಲ್ಲಿಯೇ: ಮಗುವಿನ ಸರದಿಯನ್ನೂ ತಾವೇ ಮಾತಾಡಿಬಿಡುತ್ತಾರೆ. ಅದು ‘ಚೆಂಡು’ ಎಂದರೆ ನೀವು ‘ಕೆಂಪು ಚೆಂಡು’ ಎನ್ನಿ. ‘ಹೇಳು, ಹೇಳು’ ಎಂದು ಒತ್ತಾಯಿಸಬೇಡಿ. ಮೊಬೈಲ್ ಪದ್ಯ ಹಾಡುತ್ತದೆಯೇ ಹೊರತು ಮಗುವಿನ ತೊದಲಿಗೆ ಓಗೊಡುವುದಿಲ್ಲ. ಇನ್ನು, ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತದೆ ಎಂಬುದು ತಪ್ಪು. ಮನೆಮಾತನ್ನು ಬಿಡಿಸಬೇಡಿ, ಮಗುವಿಗೆ ಬರುವ ಪದ ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಿ.

– ವಾಕ್ ಮತ್ತು ಶ್ರವಣ ಚಿಕಿತ್ಸಕರು